ನಾಲ್ಕು ನೀರು, ನಾಲ್ಕು ಬಾಗಿಲು

ಕೆಲವು ವರ್ಷಗಳ ಹಿಂದೆ, ಶಾಲೆ ಬಿಟ್ಟ ಮೇಲೆ ನಮ್ಮ ಹುಡುಗನೊಬ್ಬನ ತಂದೆ ಕೈಯಲ್ಲಿ ಒಂದು ಕವರು ಹಿಡಿದುಕೊಂಡು ಬಂದರು. ಅವರ ಊರಿನ ಕೆರೆಯ ತೂಬು ಸೋರುತ್ತಿತ್ತು. ಒಟ್ಲು ಹಾಕುವಾಗ ಕೆರೆ ತುಂಬಿರುತ್ತಿತ್ತು. ನಾಟಿ ಮುಗಿದು ಪೈರು ತೆನೆ ಕಟ್ಟುವ ಹೊತ್ತಿಗೆ ತಳದ ಕೆಸರು ಕಾಣುತ್ತಿತ್ತು. ನೀರು ರಾತ್ರಿಯೆಲ್ಲ ಸುಮ್ಮನೆ ಹಳ್ಳಕ್ಕೆ ಹೋಗುತ್ತಿತ್ತು. ಎರಡು ವರ್ಷ ಹೀಗೆ ಪೈರು ಒಣಗಿದ ಮೇಲೆ ಅವರು ಊರವರ ಸಹಿ ಹಾಕಿಸಿ ಮುಖ್ಯಮಂತ್ರಿಗಳಿಗೆ ಅರ್ಜಿ ಬರೆದರು. ಕೆಳಗೆ ಪ್ರತಿಗಳು: ರಾಷ್ಟ್ರಪತಿಗಳಿಗೆ, ಪ್ರಧಾನಮಂತ್ರಿಗಳಿಗೆ, ಲೋಕಸಭಾ ಸದಸ್ಯರಿಗೆ, ಶಾಸಕರಿಗೆ, ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳಿಗೆ!

"ಮೇಷ್ಟ್ರೇ, ಕೆಳಗ್ನೋರ್ಗೆ ಯೋಳಿ ಪ್ರಯೋಜ್ನ ಇಲ್ಲ ಅಂತ ಒಂದೇ ಸಲ ಮ್ಯಾಲಕ್ಕೇ ಬರದ್ಬುಟ್ಟೆ. ಮೇಲಿಂದ ಒತ್ತಡ ಬಿದ್ರೆ ತಾನೆ ಕೆಲ್ಸ ಆಗೋದು?" ಎಂದರು.

ಕವರಿನಲ್ಲಿ ಉತ್ತರವಿತ್ತು. ಅರ್ಜಿ ಬೆಂಗಳೂರಿನಿಂದ ಜಿಲ್ಲೆಗೆ, ಜಿಲ್ಲೆಯಿಂದ ತಾಲ್ಲೂಕಿಗೆ, ಅಲ್ಲಿಂದ ಮತ್ತೊಂದು ಕಛೇರಿಗೆ ಇಳಿದು ಬಂದಿತ್ತು. ಪ್ರತಿ ಮೆಟ್ಟಿಲಿನಲ್ಲೂ 'ಅಗತ್ಯ ಕ್ರಮಕ್ಕಾಗಿ' ಎಂಬ ಒಂದು ಮೊಹರು. ಏಳು ತಿಂಗಳು ತಿರುಗಿ ಕಡೆಗೆ ಅದು ಬಂದು ನಿಂತದ್ದು ಅವರ ಮನೆಯಿಂದ ಎರಡು ಬೀದಿ ಆಚೆಗಿದ್ದ ಪಂಚಾಯಿತಿ ಕಟ್ಟೆಯ ಮೇಲೆ. ಅಲ್ಲಿಂದ ಬಂದ ಉತ್ತರ ಒಂದೇ ಸಾಲಿನದು: ಈ ಕೆರೆ ನಮ್ಮ ವ್ಯಾಪ್ತಿಗೆ ಬರುವುದಿಲ್ಲ.

ಅಷ್ಟರಲ್ಲಿ ಮೂರನೆಯ ಬೆಳೆಯೂ ಹೋಗಿತ್ತು.

ನಾನು ವಿಜ್ಞಾನದ ಮೇಷ್ಟ್ರು. ಪೌರನೀತಿ ಪಾಠ ಮಾಡಿದವನಲ್ಲ. ಆದರೂ ಅಂದು ನನಗೆ ಅನ್ನಿಸಿದ್ದು ಇಷ್ಟು: ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗ ಎಂದು ನಾವು ಮಕ್ಕಳಿಂದ ಬಾಯಿಪಾಠ ಮಾಡಿಸುತ್ತೇವೆ, ಪರೀಕ್ಷೆಯಲ್ಲಿ ಎರಡು ಅಂಕ ಕೊಡುತ್ತೇವೆ. ಆದರೆ ಸೋರುವ ತೂಬಿಗೆ ಯಾರ ಬಾಗಿಲು ತಟ್ಟಬೇಕೆಂದು ಹೇಳಿಕೊಡುವುದಿಲ್ಲ. ಆದ್ದರಿಂದ ಈ ವಾರ ಪುಸ್ತಕ ಮುಚ್ಚಿಟ್ಟು, ನಮ್ಮ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ ತಾಲ್ಲೂಕುಗಳ ನೀರನ್ನೇ ಹಿಡಿದು ಈ ದೇಶದ ಸರ್ಕಾರ ಹೇಗೆ ನಡೆಯುತ್ತದೆಂದು ನೋಡೋಣ. ಪೋಷಕರೂ ಜೊತೆಗೆ ಕೂತು ಓದಬೇಕೆಂದು ವಿನಂತಿ.

ಮೂರು ಏಣಿಗಳು

ಮಂಡ್ಯ ಜಿಲ್ಲೆಯ ಏಳು ತಾಲ್ಲೂಕುಗಳನ್ನು ಕಂದಾಯ ಆಡಳಿತಕ್ಕಾಗಿ ಎರಡು ಉಪವಿಭಾಗ ಮಾಡಿದ್ದಾರೆ. ಮಂಡ್ಯ, ಮದ್ದೂರು, ಮಳವಳ್ಳಿ ಸೇರಿ ಮಂಡ್ಯ ಉಪವಿಭಾಗ. ನಾನು ಮೇಲೆ ಹೇಳಿದ ನಾಲ್ಕು ತಾಲ್ಲೂಕುಗಳು ಸೇರಿ ಪಾಂಡವಪುರ ಉಪವಿಭಾಗ. ಪಾಂಡವಪುರದಲ್ಲಿ 'ಎ.ಸಿ. ಆಫೀಸು' ಎಂದು ಎಲ್ಲರೂ ಕರೆಯುವ ಕಟ್ಟಡ ಈ ಉಪವಿಭಾಗಾಧಿಕಾರಿಯ ಕಛೇರಿ.

ಇಲ್ಲಿ ಮೂರು ಏಣಿಗಳು ಅಕ್ಕಪಕ್ಕದಲ್ಲಿ ನಿಂತಿವೆ ಎಂದು ಭಾವಿಸಿ.

ಮೊದಲನೆಯದು ಅಧಿಕಾರಿಗಳ ಏಣಿ, ಅಂದರೆ ಕಾರ್ಯಾಂಗ. ಕಂದಾಯ ಇಲಾಖೆಯನ್ನೇ ತೆಗೆದುಕೊಂಡರೆ, ಕೆಳಗಿನ ಮೆಟ್ಟಿಲಲ್ಲಿ ಗ್ರಾಮ ಆಡಳಿತಾಧಿಕಾರಿ (ನಮ್ಮ ಕಾಲದಲ್ಲಿ ಗ್ರಾಮಲೆಕ್ಕಿಗ ಎನ್ನುತ್ತಿದ್ದೆವು), ಹೋಬಳಿಗೆ ಕಂದಾಯ ನಿರೀಕ್ಷಕ, ತಾಲ್ಲೂಕಿಗೆ ತಹಶೀಲ್ದಾರ್, ಪಾಂಡವಪುರದಲ್ಲಿ ಉಪವಿಭಾಗಾಧಿಕಾರಿ, ಮಂಡ್ಯದಲ್ಲಿ ಜಿಲ್ಲಾಧಿಕಾರಿ, ಮೈಸೂರಿನಲ್ಲಿ ಪ್ರಾದೇಶಿಕ ಆಯುಕ್ತ. ಇವರೆಲ್ಲರ ಮೇಲೆ ರಾಜ್ಯದ ಮಂತ್ರಿಮಂಡಲ.

ಎರಡನೆಯದು ಮತದ ಏಣಿ. ಗ್ರಾಮ ಪಂಚಾಯಿತಿ, ತಾಲ್ಲೂಕು ಪಂಚಾಯಿತಿ, ಜಿಲ್ಲಾ ಪಂಚಾಯಿತಿ, ಅದರ ಮೇಲೆ ರಾಜ್ಯದ ವಿಧಾನಸಭೆ, ದೆಹಲಿಯಲ್ಲಿ ಲೋಕಸಭೆ. ಈ ನಾಲ್ಕು ತಾಲ್ಲೂಕುಗಳ ಜನ ಮುಖ್ಯವಾಗಿ ಶ್ರೀರಂಗಪಟ್ಟಣ, ಮೇಲುಕೋಟೆ, ಕೃಷ್ಣರಾಜಪೇಟೆ, ನಾಗಮಂಗಲ ಕ್ಷೇತ್ರಗಳಿಂದ 224 ಸದಸ್ಯರ ವಿಧಾನಸಭೆಗೆ ತಮ್ಮವರನ್ನು ಕಳಿಸುತ್ತಾರೆ. ಲೋಕಸಭೆಗೆ ಇವೆಲ್ಲವೂ ಮಂಡ್ಯ ಕ್ಷೇತ್ರವೇ. ಶಾಸಕಾಂಗ ಎಂದು ಪುಸ್ತಕ ಹೇಳುವುದು ವಿಧಾನಮಂಡಲವನ್ನೂ ಸಂಸತ್ತನ್ನೂ. ಪಂಚಾಯಿತಿಯು ಜನರಿಂದ ಆಯ್ಕೆಯಾದರೂ ಕಾನೂನು ಮಾಡುವ ಸಭೆಯಲ್ಲ, ಅದು ಸ್ಥಳೀಯ ಸರ್ಕಾರ.

ಮೂರನೆಯದು ನ್ಯಾಯಾಲಯಗಳ ಏಣಿ. ತಾಲ್ಲೂಕು ಕೇಂದ್ರದ ಸಿವಿಲ್ ನ್ಯಾಯಾಲಯ, ಮಂಡ್ಯದ ಜಿಲ್ಲಾ ನ್ಯಾಯಾಲಯ, ಬೆಂಗಳೂರಿನ ಹೈಕೋರ್ಟು, ದೆಹಲಿಯ ಸುಪ್ರೀಂ ಕೋರ್ಟು. ಅಮೆರಿಕದಲ್ಲಿ ರಾಜ್ಯಗಳ ನ್ಯಾಯಾಲಯಗಳು ಬೇರೆ, ಕೇಂದ್ರದ ನ್ಯಾಯಾಲಯಗಳು ಬೇರೆ. ನಮ್ಮಲ್ಲಿ ನಾಗಮಂಗಲದ ಕೋರ್ಟಿನಿಂದ ದೆಹಲಿಯವರೆಗೆ ಒಂದೇ ಏಣಿ.

ಈ ಮೂರೂ ಏಣಿಗಳು ಬೇರೆ ಬೇರೆ ಎಂಬುದನ್ನು ನಾವು ಮರೆಯುತ್ತೇವೆ. ಶಾಸಕರು ತಹಶೀಲ್ದಾರರ ಮೇಲಧಿಕಾರಿ ಅಲ್ಲ. ಕಾನೂನು ಮಾಡುವುದು, ಹಣಕ್ಕೆ ಮಂಜೂರಾತಿ ಕೊಡುವುದು, ಮಂತ್ರಿಗಳನ್ನು ಸದನದಲ್ಲಿ ಪ್ರಶ್ನಿಸುವುದು ಶಾಸಕರ ಕೆಲಸ. ಖಾತೆ ಬದಲಾವಣೆ ತಪ್ಪಾದರೆ ಮೇಲ್ಮನವಿ ಹೋಗಬೇಕಾದದ್ದು ಶಾಸಕರ ಮನೆಗಲ್ಲ, ಉಪವಿಭಾಗಾಧಿಕಾರಿಗೆ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯೇ ಹಾಗೆ ಹೇಳುತ್ತದೆ.

ಇನ್ನು ನೀರಿಗೆ ಬರೋಣ. ನಮ್ಮ ಕಡೆ ನಾಲ್ಕು ಬಗೆಯ ನೀರಿದೆ: ನಲ್ಲಿಯದು, ಕೆರೆಯದು, ನಾಲೆಯದು, ನದಿಯದು. ಒಂದೊಂದಕ್ಕೆ ಒಂದೊಂದು ಬಾಗಿಲು.

ಮೊದಲನೆಯದು: ನಲ್ಲಿ ನೀರು

ಹಳ್ಳಿಯಲ್ಲಿ ಬೆಳಗ್ಗೆ ನಲ್ಲಿಯಲ್ಲಿ ನೀರು ಬಾರದಿದ್ದರೆ ಕೇಳಬೇಕಾದದ್ದು ಗ್ರಾಮ ಪಂಚಾಯಿತಿಯನ್ನು. ವಾಲ್ವ್ ತಿರುಗಿಸುವ ನೀರುಗಂಟಿ ಪಂಚಾಯಿತಿಯ ಕೆಲಸಗಾರ. ಪಟ್ಟಣದಲ್ಲಾದರೆ ಪುರಸಭೆಯಂಥ ನಗರ ಸಂಸ್ಥೆ.

ಇದು ಯಾರೋ ದಯೆಯಿಂದ ಕೊಟ್ಟ ಅಧಿಕಾರವಲ್ಲ. ಸಂವಿಧಾನದ 73ನೇ ತಿದ್ದುಪಡಿ 1993ರ ಏಪ್ರಿಲ್ 24ರಂದು ಜಾರಿಗೆ ಬಂತು. ಅದರೊಡನೆ ಬಂದ 11ನೇ ಅನುಸೂಚಿಯಲ್ಲಿ ಪಂಚಾಯಿತಿಗಳಿಗೆ ವಹಿಸಬಹುದಾದ 29 ವಿಷಯಗಳ ಪಟ್ಟಿಯಿದೆ. ಕುಡಿಯುವ ನೀರು ಅದರಲ್ಲಿ ಒಂದು. ಕರ್ನಾಟಕ ಈ ವಿಷಯದಲ್ಲಿ ದೇಶಕ್ಕಿಂತ ಮುಂದಿತ್ತು. ಅಬ್ದುಲ್ ನಜೀರ್ ಸಾಬ್ ಅವರು ಮಂತ್ರಿಯಾಗಿದ್ದಾಗ ರೂಪುಗೊಂಡ ಕಾಯ್ದೆಯಂತೆ 1987ರಲ್ಲೇ ಇಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳಿಗೆ ಚುನಾವಣೆ ನಡೆದಿತ್ತು. ಹಳ್ಳಿ ಹಳ್ಳಿಗೆ ಬೋರ್‌ವೆಲ್ ಕೊರೆಸಿದ ಆ ಮಂತ್ರಿಯನ್ನು ಜನ 'ನೀರು ಸಾಬ್' ಎಂದೇ ಕರೆದರು.

ಪಂಚಾಯಿತಿಯ ನಲ್ಲಿಯಲ್ಲೂ ಮೇಲಿನವರ ಪಾಲು ಇರುತ್ತದೆ. 2019ರ ಆಗಸ್ಟ್ 15ರಂದು ಪ್ರಕಟವಾದ ಜಲಜೀವನ್ ಯೋಜನೆಯಲ್ಲಿ ಕರ್ನಾಟಕದಂಥ ರಾಜ್ಯಗಳಿಗೆ ಕೇಂದ್ರ ಅರ್ಧ, ರಾಜ್ಯ ಅರ್ಧ ಹಣ ಹಾಕಬೇಕೆಂದು ನಿಗದಿಯಾಯಿತು. ಕೊಳಾಯಿ ಬಂದ ಮೇಲೆ ನಡೆಸಿಕೊಂಡು ಹೋಗುವುದು ಊರಿನ ಜವಾಬ್ದಾರಿ. ಅಂದರೆ ಒಂದು ನಲ್ಲಿಯಲ್ಲಿ ಮೂರು ಸರ್ಕಾರ. ಆದರೆ ಪೈಪು ಒಡೆದಾಗ ದೆಹಲಿಗೆ ಬರೆಯಬೇಕಾಗಿಲ್ಲ. ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿದರೆ ಸಾಕು, ಪಂಚಾಯಿತಿಯವರು ಉತ್ತರ ಹೇಳಲೇಬೇಕು.

ಎರಡನೆಯದು: ಕೆರೆ ನೀರು

ನಮ್ಮ ಸ್ನೇಹಿತರ ಅರ್ಜಿ ದಾರಿ ತಪ್ಪಿದ್ದು ಇಲ್ಲಿ. ಊರ ಮುಂದಿರುವ ಕೆರೆಗಳೆಲ್ಲ ಒಬ್ಬರದೇ ಎಂದು ನಾವು ತಿಳಿಯುತ್ತೇವೆ. ಆದರೆ ಕೆರೆ ಯಾರದೆಂದು ತೀರ್ಮಾನವಾಗುವುದು ಅದರ ಅಚ್ಚುಕಟ್ಟಿನಿಂದ. ಅಚ್ಚುಕಟ್ಟು 40 ಹೆಕ್ಟೇರಿನವರೆಗೆ, ಅಂದರೆ ಸುಮಾರು 100 ಎಕರೆಯವರೆಗೆ ಇದ್ದರೆ ಆ ಕೆರೆ ಪಂಚಾಯತ್ ರಾಜ್ ವ್ಯವಸ್ಥೆಗೆ ಸೇರಿದ್ದು. 40ರಿಂದ 2,000 ಹೆಕ್ಟೇರಿನವರೆಗಿನದು ರಾಜ್ಯದ ಸಣ್ಣ ನೀರಾವರಿ ಇಲಾಖೆಗೆ. ಅದಕ್ಕೂ ದೊಡ್ಡದಾದರೆ ಜಲಸಂಪನ್ಮೂಲ ಇಲಾಖೆಗೆ.

ಅದೇ ಕೆರೆಯ ಅಂಗಳವನ್ನು ಯಾರಾದರೂ ಒತ್ತುವರಿ ಮಾಡಿದ್ದರೆ ಅಳತೆ ಮಾಡಿಸಬೇಕಾದವರು ತಹಶೀಲ್ದಾರರು. ತೂಬಿಗೆ ಒಂದು ಕಛೇರಿ, ಗಡಿಕಲ್ಲಿಗೆ ಇನ್ನೊಂದು.

ಅಂದು ನಾವಿಬ್ಬರೂ ಕೂತು ಮೊದಲು ಅಚ್ಚುಕಟ್ಟಿನ ಲೆಕ್ಕ ಹುಡುಕಿದೆವು. 60 ಹೆಕ್ಟೇರಿಗೆ ಸ್ವಲ್ಪ ಹೆಚ್ಚಿತ್ತು. ಹಾಗಾಗಿ ಪಂಚಾಯಿತಿಯವರು ಬರೆದದ್ದು ಸರಿಯಾಗಿಯೇ ಇತ್ತು. ಕೆರೆಯ ಹೆಸರು, ಸರ್ವೆ ನಂಬರು, ಅಚ್ಚುಕಟ್ಟು, ತೂಬಿನ ಯಾವ ಭಾಗ ಸೋರುತ್ತಿದೆ, ಎಷ್ಟು ಕುಟುಂಬಗಳಿಗೆ ತೊಂದರೆ, ಇಷ್ಟನ್ನೇ ಒಂದು ಹಾಳೆಯಲ್ಲಿ ಬರೆದು ಸಂಬಂಧಪಟ್ಟ ಎಂಜಿನಿಯರರ ಕಛೇರಿಗೆ ಕೊಟ್ಟು, ಟಪಾಲಿನಲ್ಲಿ ಸ್ವೀಕೃತಿ ಮೊಹರು ಹಾಕಿಸಿಕೊಂಡು ಬಂದರು. ಅಂದಾಜುಪಟ್ಟಿಗೆ ಹಣ ಮಂಜೂರಾಗಬೇಕಾದಾಗ ಮಾತ್ರ ಶಾಸಕರ ಬಳಿಗೆ ಹೋದರು, ಅದು ಅವರ ಬಳಿಯೇ ಕೇಳಬೇಕಾದ ಮಾತು. ಮರುವರ್ಷದ ಬೇಸಿಗೆಯಲ್ಲಿ ತೂಬು ರಿಪೇರಿಯಾಯಿತು. ಒಮ್ಮೆಲೇ ಆಗಲಿಲ್ಲ, ಓಡಾಟವೇನೂ ಕಡಿಮೆ ಇರಲಿಲ್ಲ. ಆದರೆ ಈ ಸಲ ಅವರು ಓಡಾಡಿದ್ದು ಸರಿಯಾದ ರಸ್ತೆಯಲ್ಲಿ.

ಮೂರನೆಯದು: ನಾಲೆ ನೀರು

ಕೆ.ಆರ್.ಪೇಟೆಯವರೂ ನಾಗಮಂಗಲದವರೂ ಹೇಮಾವತಿ ನಾಲೆಯ ದಾರಿ ಕಾಯುತ್ತಾರೆ. ಆ ನೀರು ಹಾಸನ ಜಿಲ್ಲೆಯ ಗೊರೂರಿನ ಅಣೆಕಟ್ಟೆಯಿಂದ ಬರಬೇಕು. ಪಾಂಡವಪುರ, ಶ್ರೀರಂಗಪಟ್ಟಣದವರು ಕನ್ನಂಬಾಡಿಯಿಂದ ಹೊರಡುವ ವಿಶ್ವೇಶ್ವರಯ್ಯ ನಾಲೆಯನ್ನೂ, ಕಟ್ಟೆಯ ಕೆಳಗಿನ ಚಿಕ್ಕದೇವರಾಜ ನಾಲೆ, ವಿರಿಜಾ ನಾಲೆಗಳನ್ನೂ ನಂಬಿದವರು. ಒಂದು ಜಿಲ್ಲೆಯಲ್ಲಿ ಕಟ್ಟೆ, ಮತ್ತೊಂದು ಜಿಲ್ಲೆಯಲ್ಲಿ ಗದ್ದೆ. ಆದ್ದರಿಂದ ಇದು ಪಂಚಾಯಿತಿಯ ಕೈಗೆ ಸಿಗುವ ನೀರಲ್ಲ, ಜಿಲ್ಲೆಯ ಕೈಗೂ ಸಿಗುವುದಿಲ್ಲ. ಇದು ರಾಜ್ಯ ಸರ್ಕಾರದ್ದು.

ಸಂವಿಧಾನದ 7ನೇ ಅನುಸೂಚಿಯಲ್ಲಿ ಮೂರು ಪಟ್ಟಿಗಳಿವೆ. ಕೇಂದ್ರದ ಪಟ್ಟಿ, ರಾಜ್ಯದ ಪಟ್ಟಿ, ಇಬ್ಬರಿಗೂ ಸೇರಿದ ಸಮವರ್ತಿ ಪಟ್ಟಿ. ರಾಜ್ಯಪಟ್ಟಿಯ 17ನೇ ನಮೂದು ನೀರು: ನೀರು ಸರಬರಾಜು, ನೀರಾವರಿ, ನಾಲೆ, ಒಡ್ಡು, ಜಲಸಂಗ್ರಹ ಎಲ್ಲವೂ ಅದರಲ್ಲಿ ಬರುತ್ತವೆ. ನಮ್ಮ ಭಾಗದ ನಾಲೆಗಳನ್ನು ನೋಡಿಕೊಳ್ಳುವ ಕಾವೇರಿ ನೀರಾವರಿ ನಿಗಮ ರಾಜ್ಯ ಸರ್ಕಾರದ್ದೇ ಸಂಸ್ಥೆ. ಯಾವ ದಿನ ನೀರು ಬಿಡಬೇಕು, ಎಷ್ಟು ದಿನ ಬಿಟ್ಟು ಎಷ್ಟು ದಿನ ನಿಲ್ಲಿಸಬೇಕು, ಭತ್ತಕ್ಕೋ ಅರೆ ಖುಷ್ಕಿ ಬೆಳೆಗೋ ಎಂಬುದನ್ನು ಶಾಸಕರೂ ಅಧಿಕಾರಿಗಳೂ ಸೇರುವ ನೀರಾವರಿ ಸಲಹಾ ಸಮಿತಿ ಚರ್ಚಿಸುತ್ತದೆ. ಕೊನೆ ಭಾಗದ ರೈತನಿಗೆ ನೀರು ತಲುಪಲಿಲ್ಲವೆಂದರೆ ಕೇಳಬೇಕಾದ ಬಾಗಿಲು ಇದು. ನಿಗಮದ ಎಂಜಿನಿಯರನ್ನು ಕೇಳಬಹುದು. ಶಾಸಕರ ಮೂಲಕ ಮಂತ್ರಿಯನ್ನು ಸದನದಲ್ಲಿ ಕೇಳಿಸಬಹುದು. ಕಾರ್ಯಾಂಗ ಶಾಸಕಾಂಗಕ್ಕೆ ಉತ್ತರ ಕೊಡಬೇಕೆಂಬುದರ ಅರ್ಥ ಇಷ್ಟೇ.

ನಾಲ್ಕನೆಯದು: ನದಿ ನೀರು

ರಾಜ್ಯಪಟ್ಟಿಯ ಆ 17ನೇ ನಮೂದಿಗೆ ಒಂದು ಷರತ್ತು ಅಂಟಿಕೊಂಡಿದೆ. ಕೇಂದ್ರಪಟ್ಟಿಯ 56ನೇ ನಮೂದಿಗೆ ಅದು ಒಳಪಟ್ಟಿರಬೇಕು. ಆ 56ನೇ ನಮೂದು ಹಲವು ರಾಜ್ಯಗಳಲ್ಲಿ ಹರಿಯುವ ನದಿಗಳನ್ನು ಕುರಿತದ್ದು. ಶ್ರೀರಂಗಪಟ್ಟಣವನ್ನು ಬಳಸಿಕೊಂಡು ಹೋಗುವ ಕಾವೇರಿ ಮುಂದೆ ತಮಿಳುನಾಡಿಗೆ ಹೋಗುತ್ತದೆ, ಉಪನದಿ ಕಬಿನಿ ಕೇರಳದಿಂದ ಬರುತ್ತದೆ. ಆಗ ಮಾತು ನಾಲೆಯದಾಗಿ ಉಳಿಯುವುದಿಲ್ಲ, ದೇಶದ್ದಾಗುತ್ತದೆ.

ದೇಶದ್ದಾದರೆ ಸಂಸತ್ತಿನಲ್ಲಿ ಕೈ ಎತ್ತಿಸಿ ತೀರ್ಮಾನ ಮಾಡಬಹುದಲ್ಲ? ಮಕ್ಕಳು ಇಲ್ಲಿ ಸ್ವಲ್ಪ ಯೋಚಿಸಬೇಕು. ಲೋಕಸಭೆಯ 543 ಸ್ಥಾನಗಳಲ್ಲಿ ಕರ್ನಾಟಕದವು 28, ತಮಿಳುನಾಡಿನವು 39. ತಲೆ ಎಣಿಸಿ ನೀರು ಹಂಚಿದರೆ ನ್ಯಾಯ ಹೇಗಾದೀತು? ಅದಕ್ಕೇ ಸಂವಿಧಾನದ 262ನೇ ವಿಧಿ ಬೇರೆ ದಾರಿ ತೋರಿಸಿತು. ಅದರಂತೆ 1956ರಲ್ಲಿ ಸಂಸತ್ತು ಅಂತರರಾಜ್ಯ ನದಿ ವಿವಾದಗಳ ಕಾಯ್ದೆ ಮಾಡಿತು. ವಿವಾದವನ್ನು ನ್ಯಾಯಾಧೀಶರ ಮಂಡಳಿಗೆ ಒಪ್ಪಿಸಬಹುದೆಂದು ಹೇಳಿತು.

ಕಾವೇರಿಯ ತಕರಾರು ಹಳೆಯದು. 1892ರಲ್ಲಿ ಮತ್ತು 1924ರಲ್ಲಿ ಮೈಸೂರಿಗೂ ಮದರಾಸಿಗೂ ಒಪ್ಪಂದಗಳಾಗಿದ್ದವು. ಸ್ವಾತಂತ್ರ್ಯದ ನಂತರ ಮಾತುಕತೆಗಳು ಮುರಿದು, 1990ರ ಜೂನ್ 2ರಂದು ಕೇಂದ್ರ ಸರ್ಕಾರ ಕಾವೇರಿ ನ್ಯಾಯಮಂಡಳಿಯನ್ನು ರಚಿಸಿತು. ಮುಂದಿನ ವರ್ಷ ನಡೆದದ್ದನ್ನು ಹೆಜ್ಜೆ ಹೆಜ್ಜೆಯಾಗಿ ನೋಡಿ. ಸರ್ಕಾರದ ಅಂಗಗಳು ಒಂದನ್ನೊಂದು ಹೇಗೆ ತಡೆಯುತ್ತವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ.

1991ರ ಜೂನ್ 25: ಕರ್ನಾಟಕವು ವರ್ಷಕ್ಕೆ 205 ಟಿ.ಎಂ.ಸಿ. ನೀರು ಮೆಟ್ಟೂರಿಗೆ ತಲುಪುವಂತೆ ಬಿಡಬೇಕು, ಕಾವೇರಿ ಕಣಿವೆಯ ನೀರಾವರಿಯನ್ನು 11.2 ಲಕ್ಷ ಎಕರೆಗಿಂತ ಹೆಚ್ಚಿಸಬಾರದು ಎಂದು ನ್ಯಾಯಮಂಡಳಿ ಮಧ್ಯಂತರ ಆದೇಶ ಕೊಟ್ಟಿತು.

ಜುಲೈ 25: ಎಸ್. ಬಂಗಾರಪ್ಪನವರ ಸರ್ಕಾರದ ಸಲಹೆಯಂತೆ ರಾಜ್ಯಪಾಲರು ಕಾವೇರಿ ಕಣಿವೆಯ ನೀರಾವರಿಯನ್ನು ರಕ್ಷಿಸುವ ಸುಗ್ರೀವಾಜ್ಞೆ ಹೊರಡಿಸಿದರು. ಇದು ರಾಜ್ಯದ ಕಾರ್ಯಾಂಗದ ಕೆಲಸ. ನಂತರ ವಿಧಾನಮಂಡಲ ಅದನ್ನು ಕಾಯ್ದೆಯನ್ನಾಗಿ ಮಾಡಿತು. ಇದು ಶಾಸಕಾಂಗ.

ಅದೇ ಜುಲೈ ತಿಂಗಳಲ್ಲಿ ರಾಷ್ಟ್ರಪತಿಗಳು ಸಂವಿಧಾನದ 143ನೇ ವಿಧಿಯಂತೆ ಸುಪ್ರೀಂ ಕೋರ್ಟಿನ ಅಭಿಪ್ರಾಯ ಕೇಳಿದರು. ಇದು ಕೇಂದ್ರದ ಕಾರ್ಯಾಂಗ.

ನವೆಂಬರ್ 22: ರಾಜ್ಯದ ಸುಗ್ರೀವಾಜ್ಞೆಯೂ ಅದರ ಬದಲಿಗೆ ಬಂದ ಕಾಯ್ದೆಯೂ ಸಂವಿಧಾನಬಾಹಿರವೆಂದು ಸುಪ್ರೀಂ ಕೋರ್ಟು ಹೇಳಿತು. ಇದು ನ್ಯಾಯಾಂಗ. ಒಂದು ರಾಜ್ಯ ತನ್ನ ಗಡಿಯಾಚೆಗೆ ಪರಿಣಾಮ ಮಾಡುವ ಕಾನೂನು ಮಾಡುವಂತಿಲ್ಲ, ತನ್ನ ವ್ಯಾಜ್ಯಕ್ಕೆ ತಾನೇ ನ್ಯಾಯಾಧೀಶನಾಗುವಂತಿಲ್ಲ ಎಂಬುದು ಅದರ ಸಾರ. ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಆದೇಶವನ್ನು ಗೆಜೆಟ್ಟಿನಲ್ಲಿ ಪ್ರಕಟಿಸಿತು.

ಆ ಡಿಸೆಂಬರಿನ ಗಲಭೆಗಳನ್ನು ಕಂಡವರಿಗೆ ಇದು ಕಹಿ ನೆನಪು. ನಮ್ಮ ವಿಧಾನಸಭೆ ಒಪ್ಪಿದ ಕಾಯ್ದೆಯನ್ನು ದೆಹಲಿಯಲ್ಲಿ ಕೂತವರು ಹೇಗೆ ತೆಗೆದುಹಾಕಿದರು ಎಂದು ಜನ ಕೇಳಿದರು. ಆ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ನ್ಯಾಯಮಂಡಳಿ 2007ರ ಫೆಬ್ರವರಿ 5ರಂದು ಅಂತಿಮ ತೀರ್ಪು ಕೊಟ್ಟಿತು. ಅದರಲ್ಲಿ ಕರ್ನಾಟಕಕ್ಕೆ ಸಿಕ್ಕಿದ್ದು 270 ಟಿ.ಎಂ.ಸಿ. ಕರ್ನಾಟಕ ಮತ್ತೆ ಹತ್ತಿದ್ದು ಅದೇ ಸುಪ್ರೀಂ ಕೋರ್ಟಿನ ಮೆಟ್ಟಿಲನ್ನು. 2018ರ ಫೆಬ್ರವರಿ 16ರಂದು ಆ ನ್ಯಾಯಾಲಯ, ಬೆಂಗಳೂರಿನ ಕುಡಿಯುವ ನೀರನ್ನೂ ತಮಿಳುನಾಡಿನ ಅಂತರ್ಜಲವನ್ನೂ ಗಣನೆಗೆ ತೆಗೆದುಕೊಂಡು, ನಮ್ಮ ಪಾಲನ್ನು 14.75 ಟಿ.ಎಂ.ಸಿ. ಹೆಚ್ಚಿಸಿ 284.75 ಮಾಡಿತು. ಒಟ್ಟು 740ರಲ್ಲಿ ತಮಿಳುನಾಡಿಗೆ 404.25, ಕೇರಳಕ್ಕೆ 30, ಪುದುಚೇರಿಗೆ 7. ಉಳಿದ 14ರಲ್ಲಿ 10 ಪರಿಸರಕ್ಕೆ, 4 ಅನಿವಾರ್ಯವಾಗಿ ಸಮುದ್ರ ಸೇರುವುದು. ಗಡಿಯ ಬಿಳಿಗುಂಡ್ಲುವಿನಲ್ಲಿ ನಾವು ಹರಿಸಬೇಕಾದದ್ದು 192ರಿಂದ 177.25ಕ್ಕೆ ಇಳಿಯಿತು. 1991ರಲ್ಲಿ ನಮ್ಮ ಕಾಯ್ದೆಯನ್ನು ತಳ್ಳಿಹಾಕಿದ ನ್ಯಾಯಾಲಯವೇ 2018ರಲ್ಲಿ ನಮ್ಮ ವಾದದಲ್ಲಿ ನ್ಯಾಯವಿದ್ದಷ್ಟನ್ನು ಎತ್ತಿ ಹಿಡಿಯಿತು.

ಅದೇ ವರ್ಷದ ಜೂನ್‌ನಲ್ಲಿ ಕಾವೇರಿ ನೀರು ನಿರ್ವಹಣಾ ಪ್ರಾಧಿಕಾರ ರಚನೆಯಾಯಿತು. ತೀರ್ಪು ಹೇಳುವುದು ನ್ಯಾಯಾಂಗದ ಕೆಲಸ, ಅದನ್ನು ದಿನದಿನದ ಲೆಕ್ಕದಲ್ಲಿ ಜಾರಿ ಮಾಡಲು ಕಾರ್ಯಾಂಗದ ಕೈ ಬೇಕು. ಆ ಕೈ ಈ ಪ್ರಾಧಿಕಾರ. ಮಳೆ ಕೈಕೊಟ್ಟ 2023ರಲ್ಲಿ 15 ದಿನ ದಿನಕ್ಕೆ 5,000 ಕ್ಯೂಸೆಕ್ ನೀರು ಬಿಡಬೇಕೆಂಬ ಮಾತು ಬಂದದ್ದು ಅಲ್ಲಿಂದಲೇ.

ಇಲ್ಲಿ ಒಂದು ಪುಟ್ಟ ಲೆಕ್ಕ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ. ದಿನಕ್ಕೆ 86,400 ಸೆಕೆಂಡು. ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ. ಹಾಗಾದರೆ 5,000 ಕ್ಯೂಸೆಕ್‌ನಂತೆ 15 ದಿನ ಬಿಟ್ಟರೆ ಎಷ್ಟು? 6.48 ಟಿ.ಎಂ.ಸಿ. ತುಂಬಿದ ಕನ್ನಂಬಾಡಿಯಲ್ಲಿ ಹಿಡಿಯುವುದು 49.45. ಬಿಳಿಗುಂಡ್ಲುವಿನ ವರ್ಷದ ಲೆಕ್ಕ 177.25 ಎಂದರೆ ಮೂರೂವರೆ ಕನ್ನಂಬಾಡಿಗಿಂತ ಹೆಚ್ಚು. ಈ ಲೆಕ್ಕ ಮಾಡಲು ಬಂದವನಿಗೆ ಪತ್ರಿಕೆಯ ತಲೆಬರಹ ಓದಿದ ಕೂಡಲೇ ಸಿಟ್ಟು ಬರುವುದಿಲ್ಲ. ಮೊದಲು ಪೆನ್ಸಿಲು ಹುಡುಕುತ್ತಾನೆ.

ಇಷ್ಟೊಂದು ಭಾಗ ಏಕೆ?

ಎಲ್ಲವೂ ಒಬ್ಬರ ಕೈಯಲ್ಲಿದ್ದರೆ ಕೆಲಸ ಬೇಗ ಆಗುವುದಿಲ್ಲವೇ ಎಂದು ಮಕ್ಕಳು ಕೇಳುವುದುಂಟು. ಆಗಬಹುದು. ಕೆಟ್ಟ ಕೆಲಸವೂ ಅಷ್ಟೇ ಬೇಗ ಆಗುತ್ತದೆ.

ವಿಶ್ವೇಶ್ವರಯ್ಯನವರು 1903ರಲ್ಲಿ ಪುಣೆ ಬಳಿಯ ಖಡಕ್‌ವಾಸ್ಲಾ ಜಲಾಶಯಕ್ಕೆ ತಾವೇ ರೂಪಿಸಿದ ಸ್ವಯಂಚಾಲಿತ ಬಾಗಿಲುಗಳನ್ನು ಅಳವಡಿಸಿದರು. ಮುಂದೆ ಅದೇ ವಿಧಾನ ಕನ್ನಂಬಾಡಿಗೂ ಬಂತು. ನೀರು ಮಿತಿ ಮೀರಿ ಏರಿದಾಗ ಬಾಗಿಲು ತಾನಾಗಿ ತೆರೆಯುತ್ತದೆ, ಮಟ್ಟ ಇಳಿದಾಗ ತಾನಾಗಿ ಮುಚ್ಚುತ್ತದೆ. ಕಾವಲುಗಾರ ಎಚ್ಚರವಿರಲಿ, ಮಲಗಿರಲಿ, ಕಟ್ಟೆ ಉಳಿಯುತ್ತದೆ. ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗಗಳನ್ನು ಬೇರೆ ಬೇರೆ ಇಟ್ಟದ್ದೂ ಇದೇ ಉದ್ದೇಶಕ್ಕೆ. ಅಧಿಕಾರದಲ್ಲಿರುವವರು ಒಳ್ಳೆಯವರೇ ಆಗಿರುತ್ತಾರೆಂದು ಸಂವಿಧಾನ ನಂಬಿ ಕೂರಲಿಲ್ಲ. ಒಂದರ ಮಟ್ಟ ಏರಿದರೆ ಇನ್ನೊಂದು ತಡೆಯುವಂತೆ ಮಾಡಿತು.

ಆದರೆ ಒಂದು ಬಾಗಿಲು ತುಕ್ಕು ಹಿಡಿದರೆ? ನಮ್ಮ ರಾಜ್ಯದಲ್ಲಿ ಅದೂ ಆಗಿದೆ. 2016ರಲ್ಲಿ ಆಯ್ಕೆಯಾದ ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿ ಸದಸ್ಯರ ಅವಧಿ 2021ರಲ್ಲಿ ಮುಗಿಯಿತು. ಐದು ವರ್ಷದ ಅವಧಿ ಮುಗಿಯುವುದರೊಳಗೆ ಚುನಾವಣೆ ಆಗಬೇಕೆಂದು ಸಂವಿಧಾನ ಹೇಳುತ್ತದೆ. ಆದರೆ ಕ್ಷೇತ್ರ ವಿಂಗಡಣೆ, ಮೀಸಲಾತಿ, ಮೊಕದ್ದಮೆ ಎಂದು ವರ್ಷಗಟ್ಟಲೆ ಚುನಾವಣೆ ನಡೆಯದೆ ಸದಸ್ಯರ ಕುರ್ಚಿಗಳು ಖಾಲಿ ಉಳಿದವು. ಆಡಳಿತಾಧಿಕಾರಿಗಳೇ ಕೆಲಸ ನಡೆಸಿದರು. ಅವರು ಕೆಲಸ ಮಾಡಲಿಲ್ಲ ಎಂದು ನಾನು ಹೇಳುತ್ತಿಲ್ಲ. ಮತದ ಏಣಿಯಲ್ಲಿ ನಡುವಿನ ಎರಡು ಮೆಟ್ಟಿಲೇ ಇಲ್ಲದಿದ್ದರೆ ಹಳ್ಳಿಯವನು ನೇರವಾಗಿ ಶಾಸಕರ ಮನೆಗೆ ಹಾರಬೇಕಾಗುತ್ತದೆ. ಹಾರಲು ಬಾರದವನು ಕೆಳಗೇ ಉಳಿಯುತ್ತಾನೆ. ವಿಧಾನಸಭೆಯ ಚುನಾವಣೆ ಒಂದು ತಿಂಗಳು ತಡವಾದರೆ ನಾವು ಸುಮ್ಮನಿರುತ್ತಿದ್ದೆವೇ? ನಮಗೆ ಹತ್ತಿರದ ಸರ್ಕಾರ ವರ್ಷಗಟ್ಟಲೆ ಇಲ್ಲದಾಗ ಮಾತ್ರ ಯಾರಿಗೂ ಗೊತ್ತೇ ಆಗಲಿಲ್ಲ. ನನ್ನ ಚಿಂತೆ ಅದು.

ನೀವೇನು ಮಾಡಬಹುದು?

ವಿದ್ಯಾರ್ಥಿಗಳೇ, ಈ ವಾರ ಒಂದು ಹಾಳೆಯಲ್ಲಿ ನಾಲ್ಕು ಕಲಂ ಗೆರೆ ಹಾಕಿ: ನಲ್ಲಿ, ಕೆರೆ, ನಾಲೆ, ನದಿ. ನಿಮ್ಮ ಊರಿನ ನಲ್ಲಿ ನೀರು ಎಲ್ಲಿಂದ ಬರುತ್ತದೆ, ಕೆರೆಯ ಅಚ್ಚುಕಟ್ಟೆಷ್ಟು, ನಾಲೆಯ ಎಂಜಿನಿಯರ ಕಛೇರಿ ಎಲ್ಲಿದೆ ಎಂದು ವಿಚಾರಿಸಿ ಬರೆಯಿರಿ. ಗೊತ್ತಾಗದಿದ್ದರೆ ಪಂಚಾಯಿತಿಯ ಅಭಿವೃದ್ಧಿ ಅಧಿಕಾರಿಯನ್ನು ಕೇಳಿ. ದೊಡ್ಡವರು 2005ರ ಮಾಹಿತಿ ಹಕ್ಕು ಕಾಯ್ದೆಯಂತೆ ಅರ್ಜಿ ಕೊಡಬಹುದು, ಸಾಮಾನ್ಯವಾಗಿ 30 ದಿನದೊಳಗೆ ಉತ್ತರ ಬರಬೇಕು. ಇನ್ನೊಂದು ಮಾತು: ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ ಮಕ್ಕಳಿಗಾಗಿಯೇ ಮಕ್ಕಳ ಗ್ರಾಮಸಭೆ ನಡೆಸುವ ಕ್ರಮವಿದೆ. ನಿಮ್ಮ ಊರಿನಲ್ಲಿ ಅದು ಯಾವಾಗ ನಡೆಯಿತೆಂದು ಕೇಳಿ. ನಡೆದಿಲ್ಲವಾದರೆ, ಏಕೆ ನಡೆದಿಲ್ಲ ಎಂಬುದೇ ನಿಮ್ಮ ಮೊದಲ ಪ್ರಶ್ನೆಯಾಗಲಿ.

ಪೋಷಕರಲ್ಲಿ ಒಂದು ಮಾತು. ಮಕ್ಕಳು ಹಾಳೆ ಹಿಡಿದು ಕಛೇರಿಗೆ ಹೋಗುತ್ತೇವೆಂದರೆ 'ನಿನಗ್ಯಾಕೆ ಊರ ಉಸಾಬರಿ' ಎನ್ನಬೇಡಿ, ಜೊತೆಗೆ ಹೋಗಿ. ಹದಿನೆಂಟು ತುಂಬಿದ ದಿನ ಮತದ ಚೀಟಿ ಕೈಗೆ ಬರುತ್ತದೆ, ಯಾವ ಬಾಗಿಲು ಯಾವುದಕ್ಕೆ ಎಂಬ ತಿಳುವಳಿಕೆ ಅಂದೇ ಬರುವುದಿಲ್ಲ.

ಕಡೆಗೆ ಆ ತಂದೆಯ ಮಾತಿಗೆ ಬರುತ್ತೇನೆ. ಮೇಲಿಂದ ಒತ್ತಡ ಬಿದ್ದರೆ ತಾನೆ ಕೆಲಸ ಆಗುವುದು ಎಂದರಲ್ಲ. ನಾನು ಅವರನ್ನು ಪ್ರಯೋಗಶಾಲೆಗೆ ಕರೆದುಕೊಂಡು ಹೋಗಿ, ಒಂದು ಹಳೆಯ ಡಬ್ಬಕ್ಕೆ ಮೇಲೆ, ನಡುವೆ, ತಳದಲ್ಲಿ ಮೂರು ತೂತು ಕೊರೆದು ನೀರು ತುಂಬಿದೆ. ಎಂಟನೇ ತರಗತಿಯ ಪ್ರಯೋಗ. ಮೇಲಿನ ತೂತಿನಿಂದ ನೀರು ಜಿನುಗಿತು, ನಡುವಿನದರಿಂದ ಹರಿಯಿತು, ತಳದ್ದರಿಂದ ಚಿಮ್ಮಿತು. ನೀರಿನ ಒತ್ತಡ ಹೆಚ್ಚಿರುವುದು ತಳದಲ್ಲಿ. ಅವರು ಸ್ವಲ್ಪ ಹೊತ್ತು ನೋಡಿ, "ಅದ್ಕೇ ತಾನೆ ಮೇಷ್ಟ್ರೇ, ತೂಬು ಕೆಳಗಡೆ ಮಡಗಿರೋದು" ಎಂದು ನಕ್ಕರು.

ಈಗ ಅವರ ಊರಿನ ಗ್ರಾಮಸಭೆಗೆ ಮೊದಲು ಬಂದು ಕೂರುವವರು ಅವರೇ.